ನಂದಿಯ ನೀರು ಕಡಲು ಸೇರುವ ದಾರಿಯಲ್ಲಿ

ಗೌರಿಬಿದನೂರಿನ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ವರ್ಷದ ಬಹುಪಾಲು ದಿನ ನೀರು ಕಾಣುವುದಿಲ್ಲ. ಮರಳು, ಜಾಲಿಪೊದೆ, ಅಲ್ಲೊಂದು ಇಲ್ಲೊಂದು ಮೇಯುವ ಕುರಿ. ಇದೇ ಉತ್ತರ ಪಿನಾಕಿನಿ. ನಂದಿ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಹಿಂದೂಪುರದ ಕಡೆ ಗಡಿ ದಾಟಿ, ತೆಲುಗರ ಬಾಯಲ್ಲಿ ಪೆನ್ನೇರು ಎನಿಸಿಕೊಂಡು, 597 ಕಿ.ಮೀ. ಸಾಗಿ ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ನಂದಿ ಸಾಲಿನವೇ ಆದ ಚಿತ್ರಾವತಿ, ಪಾಪಾಗ್ನಿಗಳೂ ಕಡಪ ಜಿಲ್ಲೆಯಲ್ಲಿ ಅದನ್ನು ಕೂಡಿಕೊಳ್ಳುತ್ತವೆ.

ರಜೆ ಬಂದರೆ ನಮ್ಮವರು ಗೋಕರ್ಣ, ಮುರುಡೇಶ್ವರದ ಬಸ್ಸು ಹತ್ತುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿಯವರಿಗೆ ಹತ್ತಿರದ ಕಡಲು ಮೂಡಣದ್ದು. ಚಿಂತಾಮಣಿಯಿಂದ ಮದನಪಲ್ಲಿ, ತಿರುಪತಿ, ನಾಯ್ಡುಪೇಟೆ ಹಿಡಿದು ಹೋದರಾಯಿತು. ಬಿಡುವಿದ್ದವರು ಹೊಳೆಯ ಜಾಡನ್ನೇ ಹಿಡಿಯಲಿ ಎಂಬುದು ನನ್ನ ಆಸೆ. ಗಂಡಿಕೋಟದಲ್ಲಿ ಕೆಂಬಂಡೆಯನ್ನು ಸೀಳಿ ಕಮರಿಯಲ್ಲಿ ತಿರುಗುವ ಪೆನ್ನೇರನ್ನು ಕಂಡರೆ, ಸೇತುವೆಯ ಕೆಳಗಿನ ಆ ಮರಳಿನ ಮೇಲೇ ಗೌರವ ಹುಟ್ಟುತ್ತದೆ.

ಮುಂದೆ ಸಿದ್ಧವಟದ ಆಸುಪಾಸಿನ ಕುರುಚಲು ಕಾಡು. ಇಲ್ಲಿ ಸ್ವಲ್ಪ ನಿಲ್ಲಬೇಕು. 1848ರಲ್ಲಿ ಪಕ್ಷಿಶಾಸ್ತ್ರಕ್ಕೆ ಪರಿಚಯವಾದ ಜರ್ಡನ್ಸ್ ಕೋರ್ಸರ್ ಎಂಬ ಹಕ್ಕಿ 1900ರ ಬಳಿಕ ಯಾರಿಗೂ ಕಾಣಲಿಲ್ಲ. ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಸ್ಥಳೀಯರು ಮಾತ್ರ ಅದನ್ನು ಕಲಿವಿ ಕೋಡಿ ಎಂದು ಬಲ್ಲವರಾಗಿದ್ದರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಚಿತ್ರ ಹಿಡಿದು ಊರೂರು ವಿಚಾರಿಸಿದರು. 1986ರ ಜನವರಿಯ ಒಂದು ರಾತ್ರಿ ಹಳ್ಳಿಯ ಬೇಟೆಗಾರನ ಕೈಗೆ ಹಕ್ಕಿ ಸಿಕ್ಕಿತು. ಅದರ ನೆಲೆಗಾಗಿಯೇ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ರೂಪುಗೊಂಡಿತು. ರಾತ್ರಿ ಓಡಾಡುವ ಈ ಹಕ್ಕಿಗೆ ಬೇಕಾದದ್ದು ದಟ್ಟ ಮರಗಾಡಲ್ಲ, ನಡುನಡುವೆ ಬರಿನೆಲ ಇರುವ ಮುಳ್ಳುಪೊದೆ. ನಾವು ಪಾಳು ಎಂದು ಕರೆದು ಜೆಸಿಬಿ ಇಳಿಸುವುದು ಇಂಥ ನೆಲಕ್ಕೇ.

ಕಡಲ ಹತ್ತಿರ ಬಂದಾಗ ದಕ್ಷಿಣಕ್ಕೆ ಹೊರಳಿ ಸೂಳೂರುಪೇಟೆಯ ಕಡೆ ಹೋಗಬೇಕು. ಈ ಕರಾವಳಿಗೆ ಮುಖ್ಯ ಮಳೆ ಹಿಂಗಾರಿನದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೆರೆಗಳು ತುಂಬಿದಾಗ ಮೀನು ಹೆಚ್ಚುತ್ತದೆ, ಗೂಡು ಕಟ್ಟುವ ಕೆಲಸವೂ ಆಗಲೇ. ನೇಲಪಟ್ಟು ಪಕ್ಷಿಧಾಮದಲ್ಲಿ ಮರಗಳು ನೀರಲ್ಲೇ ನಿಂತಿರುತ್ತವೆ, ಅವುಗಳ ನೆತ್ತಿಯ ಮೇಲೆ ಹೆಜ್ಜಾರ್ಲೆಗಳ ಗೂಡು. ದುರ್ಬೀನಿನಲ್ಲಿ ಒಂದೇ ಗೂಡನ್ನು ಅರ್ಧ ಗಂಟೆ ನೋಡಿ. ತಾಯಿ ಬಂದಿಳಿದು ಕೊಕ್ಕು ತೆರೆಯುತ್ತಿದ್ದಂತೆ ಮರಿ ತನ್ನ ತಲೆಯನ್ನೇ ಅದರ ಗಂಟಲೊಳಗೆ ತುರುಕುತ್ತದೆ. ನುಂಗಿಯೇಬಿಟ್ಟಿತೇನೋ ಎಂದು ಎದೆ ಝಲ್ಲೆನ್ನುತ್ತದೆ. ಮರುಗಳಿಗೆ ಮರಿ ಮೀನು ತಿಂದು ಹೊರಬರುತ್ತದೆ.

ಅಲ್ಲಿಂದ ಪುಲಿಕಾಟ್ ದೂರವಲ್ಲ. ಚಿಲಿಕಾ ಬಿಟ್ಟರೆ ದೇಶದ ಅತಿ ದೊಡ್ಡ ಉಪ್ಪುನೀರಿನ ಹಿನ್ನೀರು ಇದು. ಇದಕ್ಕೂ ಕಡಲಿಗೂ ನಡುವೆ ಶ್ರೀಹರಿಕೋಟ. ಚಳಿಗಾಲದಲ್ಲಿ ರಾಜಹಂಸಗಳು ಮೊಣಕಾಲುದ್ದದ ನೀರಲ್ಲಿ ಸಾಲಾಗಿ ನಿಂತು, ತಲೆಕೆಳಗು ಮಾಡಿ, ಕೊಕ್ಕನ್ನೇ ಜರಡಿಯಾಗಿಸಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ರೆಕ್ಕೆಯ ನಸುಗೆಂಪು ಬಂದದ್ದೂ ಆ ಆಹಾರದಿಂದಲೇ. ಫೋಟೊಗಾಗಿ ದೋಣಿ ನುಗ್ಗಿಸಿ ಅವನ್ನು ಎಬ್ಬಿಸಬೇಡಿ. ದಡದಲ್ಲಿ ಕೂತು ಬಿಸಿಲೇರುವವರೆಗೆ ಕಾದರೆ, ಅವು ಮೇಯುತ್ತ ಮೇಯುತ್ತ ತಾವಾಗಿಯೇ ಹತ್ತಿರ ಬರುವುದುಂಟು.