ಸಣ್ಣ ಜಾಲತಾಣ, ದೊಡ್ಡ ಹೊಣೆ

ಮನೆಯನ್ನು ಕಟ್ಟುವುದು ಒಂದು ಕಾರ್ಯ. ಅದನ್ನು ವಾಸಯೋಗ್ಯವಾಗಿ ಉಳಿಸಿಕೊಳ್ಳುವುದು ಮತ್ತೊಂದು. ಜಾಲತಾಣಕ್ಕೂ ಈ ಮಾತು ಸಲ್ಲುತ್ತದೆ. ಮನೆತನದ ವಂಶಾವಳಿ, ಊರಿನ ಇತಿಹಾಸ, ಸಂಘದ ವರದಿ ಮುಂತಾದವುಗಳಿಗಾಗಿ ಸಣ್ಣ ತಾಣವನ್ನು ತೆರೆಯುವವರು ಆರಂಭದ ಉತ್ಸಾಹವನ್ನು ಪಾಲನೆಯಲ್ಲಿ ತೋರುವುದು ವಿರಳ.

1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಜನಸಾಮಾನ್ಯರಿಗೆ ಉಚಿತ ಪುಟಗಳನ್ನು ಒದಗಿಸಿತು. 1999ರಲ್ಲಿ ಅದನ್ನು ಕೊಂಡ ಯಾಹೂ, 2009ರ ಅಕ್ಟೋಬರಿನಲ್ಲಿ ಅಮೆರಿಕದ ಸೇವೆಯನ್ನು ನಿಲ್ಲಿಸಿತು. ಸ್ವಯಂಸೇವಕರು ಅನೇಕ ಪುಟಗಳನ್ನು ಉಳಿಸಿದರಾದರೂ ಎಲ್ಲವೂ ಉಳಿಯಲಿಲ್ಲ. ಪರರ ಆಶ್ರಯದಲ್ಲಿರಿಸಿದ್ದರ ಪ್ರತಿಯೊಂದು ನಮ್ಮ ಬಳಿಯೂ ಇರಬೇಕೆಂಬುದೇ ಇಲ್ಲಿಯ ಪಾಠ.

ತಾಣದ ಹೆಸರು ಶಾಶ್ವತ ಸ್ವತ್ತಲ್ಲ. ಅದು ನಿಗದಿತ ಅವಧಿಗೆ ಮಾತ್ರ ದೊರೆಯುತ್ತದೆ. ಸಕಾಲದಲ್ಲಿ ನವೀಕರಿಸದಿದ್ದರೆ ಅನ್ಯರು ಅದನ್ನು ಪಡೆದು, ನಮ್ಮ ಹೆಸರಿನಲ್ಲೇ ಜೂಜಿನ ಜಾಹೀರಾತುಗಳನ್ನು ಪ್ರಕಟಿಸಬಹುದು. ಸಂಘದ ತಾಣವಾದರೆ ನೋಂದಣಿಯು ಉತ್ಸಾಹಿ ಯುವಕನೊಬ್ಬನ ಖಾತೆಯಲ್ಲಿರದೆ ಸಂಘದ ಹೆಸರಿನಲ್ಲಿಯೇ ಇರಲಿ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಿಗಾದರೂ ತಿಳಿದಿರಲಿ. ಆ ಯುವಕನು ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಕ್ಕೆ ತೆರಳಿದರೂ ತಾಣವು ಅನಾಥವಾಗಬಾರದಷ್ಟೆ.

ಕನ್ನಡ ಬರಹಗಳಿಗೆ ಮತ್ತೊಂದು ಅಪಾಯವಿದೆ. ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಬೆರಳಚ್ಚಿಸಿದ ಲೇಖನಗಳು, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತವೆ. ಕನ್ನಡದಲ್ಲಿ ಹುಡುಕಿದರೂ ಸಿಗವು. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಕರಡು ತಿದ್ದಿ ಪ್ರಕಟಿಸುವುದು ಲೇಸು.

ಪ್ರತಿ ಪುಟದಡಿಯಲ್ಲಿ ಪರಿಷ್ಕರಿಸಿದ ದಿನಾಂಕವಿರಲಿ. ತಿಂಗಳಿಗೊಮ್ಮೆ ಕೊಂಡಿಗಳನ್ನು ಪರೀಕ್ಷಿಸಿರಿ. ಬದಲಾದ ದೂರವಾಣಿ ಸಂಖ್ಯೆಗಳನ್ನು ತಿದ್ದಿರಿ. ಹಳಸಿದ ಮಾಹಿತಿಯುಳ್ಳ ನೂರು ಪುಟಗಳಿಗಿಂತ, ನಂಬಲರ್ಹವಾದ ಐದು ಪುಟಗಳೇ ಓದುಗನಿಗೆ ಉಪಕಾರಿ. ಪ್ರಕಟಿಸುವ ಸ್ವಾತಂತ್ರ್ಯದೊಡನೆ ಕಾಪಾಡುವ ಕರ್ತವ್ಯವೂ ನಮಗೆ ಒದಗಿದೆಯೆಂಬುದನ್ನು ಮರೆಯದಿರೋಣ.