ಮರಗೆಲಸದ ಯಂತ್ರಗಳಿಗೆ ನೀರು ಮತ್ತು ತುಕ್ಕಿನ ಬಾಧೆ

ಉಳಿ, ಬಾಚಿ, ಗರಗಸ, ಹತ್ತರಿ, ಬೈರಿಗೆ ಇವು ಬಡಗಿಗೆ ಪುರಾತನ ಕಾಲದಿಂದ ಸಂಗಾತಿಗಳಾಗಿ ಬಂದಿರುವ ಸಾಧನಗಳು. ಕಾಲಕ್ರಮದಲ್ಲಿ ಇವುಗಳ ಜೊತೆಗೆ ವಿದ್ಯುತ್ತಿನಿಂದ ನಡೆಯುವ ಗರಗಸ, ಪ್ಲೇನರ್, ಡ್ರಿಲ್, ಲೇತ್ ಮೊದಲಾದ ಯಂತ್ರಗಳು ಬಂದು ಸೇರಿದವು. ಉಳಿಗೆ ತುಕ್ಕು ಹಿಡಿದರೆ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಮಸೆದರೆ ಸಾಕು. ಯಂತ್ರದ ವಿಷಯ ಹಾಗಲ್ಲ. ಅದರ ಒಡಲಿನಲ್ಲಿ ಕಬ್ಬಿಣ, ತಾಮ್ರ, ಗ್ರೀಸು, ವಿದ್ಯುತ್ತು ಇವು ನಾಲ್ಕೂ ಕೂಡಿರುವುದರಿಂದ ನೀರು ಮಾಡುವ ಹಾನಿಯೂ ಬಹುಮುಖವಾದುದು. ಆದರೆ ನೀರು ಹೊಕ್ಕ ಯಂತ್ರವೆಲ್ಲವೂ ನಷ್ಟವಾಯಿತೆಂದು ಭಾವಿಸಬೇಕಾಗಿಲ್ಲ. ಅನೇಕ ಯಂತ್ರಗಳು ನೀರಿನಿಂದ ಕೆಡುವುದಕ್ಕಿಂತ ಹೆಚ್ಚಾಗಿ, ಅನಂತರ ಮನುಷ್ಯನು ತೋರುವ ಅವಸರದಿಂದಲೋ ಅಲಕ್ಷ್ಯದಿಂದಲೋ ಕೆಡುತ್ತವೆ.

ಕಬ್ಬಿಣವು ನೀರು ಹಾಗೂ ಗಾಳಿಯಲ್ಲಿರುವ ಆಮ್ಲಜನಕದೊಡನೆ ಸಂಯೋಗ ಹೊಂದಿದಾಗ ಉಂಟಾಗುವ ಪದಾರ್ಥವೇ ತುಕ್ಕು. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ಕಿಲುಬು ಬಹುಮಟ್ಟಿಗೆ ಮೈಗೆ ಅಂಟಿಕೊಂಡಿರುತ್ತದೆ. ತುಕ್ಕಾದರೋ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ, ಉಬ್ಬಿ, ಹಕ್ಕಳೆಯಾಗಿ ಉದುರುತ್ತದೆ. ಅದರ ರಂಧ್ರಗಳ ಮೂಲಕ ತೇವವು ಒಳಗಿನ ಲೋಹವನ್ನು ಮತ್ತೆ ಮುಟ್ಟುತ್ತದೆ. ದೆಹಲಿಯ ಮೆಹ್ರೌಲಿಯಲ್ಲಿರುವ ಕಬ್ಬಿಣದ ಸ್ತಂಭವು ಸುಮಾರು 1600 ವರ್ಷಗಳಿಂದ ಹೆಚ್ಚು ತುಕ್ಕು ತಿನ್ನದೆ ನಿಂತಿದೆ. ಅದರ ಕಬ್ಬಿಣದಲ್ಲಿರುವ ಅಧಿಕ ರಂಜಕವು ಮೈಮೇಲೆ ತೆಳುವಾದ ರಕ್ಷಾಕವಚವನ್ನು ನಿರ್ಮಿಸಿದೆಯೆಂದು ಸಂಶೋಧಕರು ವಿವರಿಸಿದ್ದಾರೆ. ಯಂತ್ರಗಳ ಉಕ್ಕಿನಲ್ಲಿ ಅದು ಬಿರುಸಾಗಿ ಮುರಿಯಬಾರದೆಂದು ರಂಜಕವನ್ನು ಕಡಿಮೆ ಮಾಡಿರುತ್ತಾರೆ. ಆದ್ದರಿಂದ ಅದಕ್ಕೆ ಕವಚವನ್ನು ಮನುಷ್ಯನೇ ತೊಡಿಸಬೇಕು.

ಮರಗೆಲಸದ ಶಾಲೆಯಲ್ಲಿ ಈ ಬಾಧೆ ಇಮ್ಮಡಿ. ಮರದ ಹೊಟ್ಟು ಗಾಳಿಯ ತೇವವನ್ನು ಹೀರಿಕೊಂಡು ಯಂತ್ರದ ಮೇಜಿನ ಮೇಲೆ ಒದ್ದೆ ಬಟ್ಟೆಯಂತೆ ಕುಳಿತಿರುತ್ತದೆ. ಹಸಿ ಮರದ ಆಮ್ಲಗಳೂ ಒಗರು ಸತ್ತ್ವವೂ ಕಬ್ಬಿಣವನ್ನು ಕೆಣಕಿ, ಮರಕ್ಕೂ ಅಲಗಿಗೂ ನೀಲಿಗಪ್ಪು ಕಲೆಯನ್ನು ತರುತ್ತವೆ. ಹಿಂದಿನ ಲಿಪಿಕಾರರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಸಿ ಮಾಡುತ್ತಿದ್ದುದರ ಮರ್ಮವೂ ಇದೇ.

ಮಳೆಗಾಲದ ತೇವವು ಮೆಲ್ಲನೆ ಮಾಡುವ ಕೆಲಸವನ್ನು ನೆರೆಯು ಒಂದೇ ರಾತ್ರಿಯಲ್ಲಿ ಮಾಡಿಬಿಡುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಊರುಗಳು ಜಲಾವೃತವಾದವು. ಮರದ ಗೊಂಬೆಗಳಿಗೆ ಹೆಸರಾದ ಗೋಕಾಕ ಪಟ್ಟಣಕ್ಕೂ ನೀರು ನುಗ್ಗಿತು. ಇಂತಹ ನೆರೆ ಇಳಿದಾಗ, ದಿನದ ದುಡಿಮೆಯನ್ನೇ ನಂಬಿದ ಬಡಗಿಯು ಯಂತ್ರವು ನಡೆಯುವುದೋ ಇಲ್ಲವೋ ಎಂದು ಗುಂಡಿಯನ್ನು ಒತ್ತಿ ನೋಡಲು ಆತುರಪಡುವುದು ಸಹಜ. ಆದರೆ ಆ ಒಂದು ಕ್ಷಣವೇ ಅಪಾಯಕರವಾದುದು. ಕೆಸರುನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಮೋಟಾರಿನ ಸುರುಳಿ ಸುಟ್ಟುಹೋಗಬಹುದು. 230 ವೋಲ್ಟಿನ ಆಘಾತಕ್ಕೆ ಸಿಲುಕಿ ಪ್ರಾಣವೇ ಹೋಗಬಹುದು.

ಆದುದರಿಂದ ಮೊದಲು ಕಟ್ಟಡದ ಮುಖ್ಯ ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಅನಂತರವೇ ಯಂತ್ರವನ್ನು ಮುಟ್ಟಬೇಕು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಯಂತ್ರವನ್ನು ಬಿಚ್ಚಿ ಶುದ್ಧ ನೀರಿನಿಂದ ತೊಳೆಯಬೇಕು. ನೆನೆದುದನ್ನು ಮತ್ತೆ ತೊಳೆಯುವುದು ವಿಚಿತ್ರವೆನಿಸಿದರೂ, ಲವಣ ಮತ್ತು ಮಣ್ಣನ್ನು ಕಳೆಯಲು ಇದೇ ಉಪಾಯ. ಬಳಿಕ ಹಲವು ದಿನ ಬೆಚ್ಚನೆಯ ಗಾಳಿಯಲ್ಲಿ ಒಣಗಿಸಬೇಕು. ಉರಿಯ ಮೇಲೆ ಹಿಡಿದರೆ ಸುರುಳಿಯ ಮೇಲಿನ ವಾರ್ನಿಷು ಕೆಡುತ್ತದೆ. ಕೆಸರು ಹೊಕ್ಕ ಬೇರಿಂಗು, ಸ್ವಿಚ್ಚು, ಕೆಪ್ಯಾಸಿಟರುಗಳನ್ನು ಬದಲಿಸುವುದೇ ಲೇಸು. ಅನಂತರ ಅರಿತ ವಿದ್ಯುತ್ಕರ್ಮಿಯು ಮೆಗ್ಗರ್ ಉಪಕರಣದಿಂದ ಸುರುಳಿಯ ನಿರೋಧವನ್ನು ಅಳೆಯಬೇಕು. ಅದು 1 ಮೆಗಾಓಮಿಗಿಂತ ಕಡಿಮೆಯಿದ್ದರೆ ಮೋಟಾರು ಇನ್ನೂ ಒಣಗಬೇಕಾಗಿದೆ ಅಥವಾ ಕೆಟ್ಟಿದೆ ಎಂದರ್ಥ. ನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನಂತೂ ಎಂದಿಗೂ ಚಾರ್ಜು ಮಾಡಕೂಡದು, ಅದು ಹೊತ್ತಿಕೊಳ್ಳಬಹುದು.

ಎರಕದ ಕಬ್ಬಿಣದ ಮೇಜಿಗೆ ಹಿಡಿದ ತೆಳುವಾದ ತುಕ್ಕನ್ನು ಎಣ್ಣೆ ಹಾಗೂ ನಯವಾದ ಉಜ್ಜುಕಾಗದದಿಂದ ತೆಗೆಯಬಹುದು. ಬಿಡಿಭಾಗಗಳನ್ನು ವಿನೆಗರಿನಲ್ಲಿ ನೆನೆಯಿಟ್ಟರೆ ತುಕ್ಕು ಸಡಿಲುತ್ತದೆ. ಆದರೆ ಕೂಡಲೇ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಅದೇ ದಿನ ಮತ್ತೆ ತುಕ್ಕು ಕಾಣಿಸಿಕೊಳ್ಳುತ್ತದೆ. ಬೇರಿಂಗು ಕೂರುವ ದಂಡದಲ್ಲಿ ಕುಳಿಗಳು ಬಿದ್ದಿದ್ದರೆ ಅದನ್ನು ಬದಲಿಸಬೇಕು. ಸೀಳಿದ ಅಲಗನ್ನು ಉಪಯೋಗಿಸಲೇಬಾರದು.

ಬಂದ ತುಕ್ಕನ್ನು ತೆಗೆಯುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಸಂಜೆ ಕೆಲಸ ಮುಗಿದೊಡನೆ ಹೊಟ್ಟನ್ನು ಗುಡಿಸುವುದು, ಮೇಜಿಗೆ ಆಗಾಗ ಮೇಣವನ್ನು ಲೇಪಿಸುವುದು, ಯಂತ್ರಗಳನ್ನು ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಲ್ಲಿ ಇಡುವುದು ಇವು ಹೆಚ್ಚು ಹಣ ಬೇಡದ ಉಪಾಯಗಳು. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಶಾಲೆಗಳ ಉದ್ಯೋಗ ವಿಭಾಗಗಳಲ್ಲಿರುವ ಯಂತ್ರಗಳಲ್ಲಿ ಎಷ್ಟೋ ದಾನವಾಗಿ ಬಂದವು. ಬೇಸಿಗೆಯ ರಜೆ ಮುಗಿದು ಮುಂಗಾರು ಇಳಿಯುವ ಹೊತ್ತಿಗೆ, ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಯಂತ್ರವು ತುಕ್ಕಿಗೆ ಸುಲಭವಾದ ತುತ್ತಾಗುತ್ತದೆ. ರಜೆಗೆ ಮುನ್ನ ವಿದ್ಯಾರ್ಥಿಗಳ ಕೈಯಿಂದಲೇ ಅವುಗಳಿಗೆ ಎಣ್ಣೆ, ಮೇಣಗಳನ್ನು ಹಚ್ಚಿಸಿದರೆ ಯಂತ್ರವೂ ಉಳಿಯುತ್ತದೆ, ಮಕ್ಕಳಿಗೆ ಉಪಕರಣದ ಮೇಲೆ ಆದರವೂ ಮೂಡುತ್ತದೆ. ದಾನಿಯು ಯಂತ್ರವನ್ನು ಕೊಡಬಲ್ಲನು; ಅದಕ್ಕೆ ಆಯುಷ್ಯವನ್ನು ಕೊಡಬೇಕಾದವರು ಅದನ್ನು ಬಳಸುವವರೇ.