ತಲೆಗಂದಾಯ ಕಟ್ಟಿ ತರಕಾರಿ ಬೆಳೆದವರು

ಆಕ್ಲೆಂಡಿನಲ್ಲಿ ನಾವು ಹುಳಿಗೆ ಹೆಚ್ಚುವ ಈರುಳ್ಳಿ, ಕ್ಯಾರೆಟ್, ಎಲೆಕೋಸು ಎಷ್ಟೋ ಸಲ ಬರುವುದು ನಗರದ ದಕ್ಷಿಣಕ್ಕಿರುವ ಪುಕೆಕೋಹೆಯ ಹೊಲಗಳಿಂದ. ಜ್ವಾಲಾಮುಖಿಯ ಕೆಮ್ಮಣ್ಣು, ಹಿಮದ ಕಾಟ ಕಡಿಮೆ, ಬೆಳೆ ಬೇಗ ಕೈಗೆ ಹತ್ತುತ್ತದೆ. ನಾನು ಮಾಲೂರು ಕಡೆಯ ತರಕಾರಿ ಬೆಳೆಯುವ ಮನೆಯವಳು. ಈ ನೆಲವನ್ನು ಹದಕ್ಕೆ ತಂದವರು ಯಾರೆಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಚೀನೀ ತೋಟಗಾರರ ಕಥೆ. ನ್ಯೂಜಿಲೆಂಡಿಗೆ ಬರುವ ನಮ್ಮವರು ಅದನ್ನು ತಿಳಿದೇ ತಿಳಿದಿರಬೇಕು.

ಅವರನ್ನು ಕರೆಸಿಕೊಂಡದ್ದು ಈ ದೇಶವೇ. 1861ರಲ್ಲಿ ಒಟಾಗೊದಲ್ಲಿ ಚಿನ್ನ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಬಿಳಿಯ ಗಣಿಗಾರರು ಪಶ್ಚಿಮ ಕರಾವಳಿಯ ಹೊಸ ಗಣಿಗಳತ್ತ ಗುಳೆ ಎದ್ದರು. ವ್ಯಾಪಾರ ಕುಸಿದದ್ದನ್ನು ನೋಡಿ ಡುನೆಡಿನ್ನಿನ ವರ್ತಕರ ಸಂಘ 1865ರಲ್ಲಿ ಚೀನೀಯರಿಗೆ ಆಹ್ವಾನ ಕಳಿಸಿತು. ಮರುವರ್ಷ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಮೊದಲ ತಂಡ ಬಂತು, ಆಮೇಲೆ ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಿಂದಲೇ ಜನ ಬಂದರು. ಹೆಚ್ಚಿನವರು ರೈತಾಪಿ ಮನೆಗಳ ಗಂಡಸರು. ಚಿನ್ನ ತೀರುತ್ತಾ ಬಂದಂತೆ ಊರಂಚಿನಲ್ಲಿ ತುಂಡು ಜಮೀನು ಗುತ್ತಿಗೆಗೆ ಹಿಡಿದು ತರಕಾರಿಗೆ ಇಳಿದರು. ಒಂದೇ ಊರಿನ ಕೆಲವರು ಪಾಲುದಾರರಾಗಿ, ತೋಟದಲ್ಲೇ ಗುಡಿಸಲು ಹಾಕಿಕೊಂಡು ದುಡಿಯುವುದು ವಾಡಿಕೆಯಾಗಿತ್ತು.

ಆ ಕಾಲದ ತೋಟಗಾರರು ನೀರು ಹಾಕುತ್ತಿದ್ದ ಬಗೆ ನನಗೆ ಬಹಳ ಹತ್ತಿರದ್ದು. ಹೆಗಲ ಮೇಲೆ ಅಡ್ಡೆ, ಅದರ ಎರಡೂ ತುದಿಗೆ ಉದ್ದ ಮೂತಿಯ ನೀರಿನ ಡಬ್ಬಿ. ಎರಡು ಮಡಿಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತಲೇ ಡಬ್ಬಿಗಳನ್ನು ಬಾಗಿಸಿದರೆ ಎಡಬಲದ ಸಾಲುಗಳಿಗೆ ಒಟ್ಟಿಗೇ ನೀರು ಬೀಳುತ್ತದೆ. ನಮ್ಮ ತಾತನೂ ಸಸಿ ಮಡಿಗೆ ಅಡ್ಡೆಯಲ್ಲೇ ನೀರು ಹೊರುತ್ತಿದ್ದರು. ಅವರ ಹೆಗಲು ಜಡ್ಡುಗಟ್ಟಿದ್ದನ್ನು ನಾನು ಮುಟ್ಟಿ ನೋಡಿದ್ದೇನೆ. ಇಲ್ಲಿನ ಚೀನೀಯರು ಹೀಗೆ ನೀರು ಹೊತ್ತು ಬೆಳೆದದ್ದನ್ನು ಅದೇ ಅಡ್ಡೆಗೆ ಬುಟ್ಟಿ ಕಟ್ಟಿಕೊಂಡು ಮನೆಮನೆಗೆ ಮಾರುತ್ತಿದ್ದರು. ಕ್ರಿಸ್‌ಮಸ್ ಬಂದರೆ ವರ್ತನೆಯ ಮನೆಗಳಿಗೆ ಒಂದೊಂದು ಜಾಡಿ ಸಕ್ಕರೆಪಾಕದ ಶುಂಠಿ ಉಡುಗೊರೆ.

ಅಷ್ಟು ಮಾಡಿದರೂ ಸರ್ಕಾರಕ್ಕೆ ಬೇಕಾದದ್ದು ಅವರ ಕೋಸು ಮಾತ್ರ. 1881ರಲ್ಲಿ ದೇಶದೊಳಗೆ ಬರುವ ಚೀನೀಯರಿಗಷ್ಟೇ ತಲೆಗೆ ಹತ್ತು ಪೌಂಡಿನ ತಲೆಗಂದಾಯ ಬಂತು. ಹಡಗಿನ ಹತ್ತು ಟನ್ನಿಗೆ ಒಬ್ಬನೇ ಚೀನೀಯ ಎಂಬ ಮಿತಿಯೂ ಬಂತು. 1896ರಲ್ಲಿ ಕಂದಾಯ ನೂರು ಪೌಂಡಿಗೆ, ಮಿತಿ ಇನ್ನೂರು ಟನ್ನಿಗೆ ಒಬ್ಬ ಎನ್ನುವಲ್ಲಿಗೆ ಏರಿತು. ಸಾಲ ಮಾಡಿ ಬಂದವನು ಸಾಲ ತೀರಿಸುವುದರಲ್ಲೇ ವರ್ಷಗಳನ್ನು ಕಳೆದ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತು ದೂರವೇ ಉಳಿಯಿತು. ಜಪಾನ್ ಚೀನಾದ ಮೇಲೆ ಬಿದ್ದ ಮೇಲೆ, 1939ರಲ್ಲಿ, ಹೆಂಡತಿ ಮಕ್ಕಳಿಗೆ ತಾತ್ಕಾಲಿಕ ಆಶ್ರಯ ಸಿಕ್ಕಿತು. ಅವರು ಇಲ್ಲೇ ಉಳಿಯಲು ಒಪ್ಪಿಗೆ ದೊರೆತದ್ದು 1947ರಲ್ಲಿ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಈ ಅಗಲಿಕೆ.

ಪುಕೆಕೋಹೆಯಲ್ಲಿ 1920ರ ದಶಕದಲ್ಲಿ ಬಿಳಿಯ ಬೆಳೆಗಾರರು ಶ್ವೇತ ನ್ಯೂಜಿಲೆಂಡ್ ಲೀಗ್ ಕಟ್ಟಿದರು. ಅವರ ಸಿಟ್ಟು ಚೀನೀಯರ ಮೇಲಷ್ಟೇ ಅಲ್ಲ, ಅಲ್ಲಿ ದುಡಿಯುತ್ತಿದ್ದ ಭಾರತೀಯರ ಮೇಲೂ ಇತ್ತು. ಹೀಗಾಗಿ ಇದನ್ನು ಬೇರೆಯವರ ಕಥೆ ಎಂದು ನಾವು ಪಕ್ಕಕ್ಕಿಡುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನ ಅಮೆರಿಕನ್ ಸೈನಿಕರಿಗೂ ತರಕಾರಿ ಬೇಕಾದಾಗ ಚೀನೀ ಬೆಳೆಗಾರರು 1943ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಮರುವರ್ಷ ತಲೆಗಂದಾಯದ ಕಾನೂನು ರದ್ದಾಯಿತು. ಅದಕ್ಕಾಗಿ ಆಗಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಕ್ಷಮೆ ಕೇಳಿದ್ದು 2002ರ ಫೆಬ್ರುವರಿಯಲ್ಲಿ.

ಇನ್ನು ಚೀನೀ ತೋಟಗಾರರಾದ ಜೋ ಮತ್ತು ಫೇ ಗಾಕ್ ದಂಪತಿ. ಆಕ್ಲೆಂಡಿನ ಮಾಂಗೆರೆಯಲ್ಲಿ ಅವರು ಬೆಳೆದದ್ದು ಕುಮಾರ, ಅಂದರೆ ಮಾವೊರಿಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದ ಸಿಹಿಗೆಣಸು. ಕಪ್ಪು ಕೊಳೆರೋಗ ಉತ್ತರದ ಡಾರ್ಗವಿಲ್ ಕಡೆಯ ಬೆಳೆಯನ್ನು ಹಾಳುಗೆಡವಿದಾಗ, ರೋಗ ತಡೆಯುವ ತಮ್ಮ ತಳಿಯನ್ನು ಅಲ್ಲಿನ ರೈತರಿಗೆ ಪುಕ್ಕಟೆ ಕೊಟ್ಟರು. ಹೊರಗಿನವರೆಂದು ತಮ್ಮ ಜನರನ್ನು ದೂರವಿಟ್ಟಿದ್ದ ದೇಶದ ಮೂಲ ಬೆಳೆಯನ್ನೇ ಅವರು ಉಳಿಸಿದರು. ತೋಟಗಾರಿಕೆಯ ದೊಡ್ಡ ಗೌರವವಾದ ಬ್ಲೆಡಿಸ್ಲೋ ಕಪ್ 2013ರಲ್ಲಿ ಅವರಿಗೆ ಸಂದಿತು.

ಡಾರ್ಗವಿಲ್ ದಾಟಿ ಇನ್ನೂ ಉತ್ತರಕ್ಕೆ ಹೋದರೆ ಹೋಕಿಯಾಂಗ ಬಂದರು. ಸತ್ತ ಮೇಲಾದರೂ ಹುಟ್ಟೂರಿನ ಮಣ್ಣು ಸೇರಲೆಂದು 499 ಚೀನೀಯರ ಅಸ್ಥಿಗಳನ್ನು ಹೊತ್ತು ಹೊರಟ ವೆಂಟ್ನೋರ್ ಹಡಗು 1902ರಲ್ಲಿ ಅದರ ಹೊರಗಿನ ಕಡಲಲ್ಲಿ ಮುಳುಗಿತು. ದಡಕ್ಕೆ ಬಂದ ಮೂಳೆಗಳನ್ನು ಅಲ್ಲಿನ ಮಾವೊರಿಗಳು ತಮ್ಮವರದೆಂಬಂತೆ ಮಣ್ಣು ಮಾಡಿದರು. 2021ರಲ್ಲಿ ಒಪೊನೊನಿಯಲ್ಲಿ ಅದಕ್ಕೊಂದು ಸ್ಮಾರಕವಾಗಿದೆ. ವೈಪೌವಾ ಕಾಡಿನ ಕೌರಿ ಮರ ನೋಡಲು ಆ ಕಡೆ ಹೋಗುವ ಕನ್ನಡಿಗರೇ, ದಯವಿಟ್ಟು ಒಪೊನೊನಿಯಲ್ಲೂ ಗಾಡಿ ನಿಲ್ಲಿಸಿ, ಮಕ್ಕಳಿಗೆ ಈ ಕಥೆ ಹೇಳಿ.